ಜಾರ್ಜ್ ಹ್ಯಾರಿಸನ್ನನ ಮೊದಲ ಸ್ವತಂತ್ರಗೀತಗಳೂ ಶ್ರೋತೃಗಳ ಮನೋದ್ವೈಧವೂ

ಪಾಶ್ಚಾತ್ಯ ಲೋಕದಲ್ಲಿ ಬೀಟಲ್ಸ್ ಎಂಬ ಹೆಸರಿನಿಂದ ಪ್ರಖ್ಯಾತವಾಗಿದ್ದ ನಾಲ್ವರ ಗಾಯಕಮೇಳವು 1970ನೆಯ ಇಸವಿಯಲ್ಲಿ ಒಡೆಯಿತು. ನಾಲ್ವರಲ್ಲಿ ಕಿರಿಯವನಾದ ಜಾರ್ಜ್ ಹ್ಯಾರಿಸನ್ನನು (1943–2001) ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಮೂರು ತಟ್ಟೆಗಳ ದೊಡ್ಡದೊಂದು ಗೀತಸಂಪುಟವನ್ನು ಸ್ವನಾಮದಿಂದ ಪ್ರಕಟಿಸಿದನು. ‘ಆಲ್ ಥಿಂಗ್ಸ್ ಮಸ್ಟ್ ಪಾಸ್’, ಅಂದರೆ ಸರ್ವವೂ ಗತಿಸತಕ್ಕುದೇ ಎಂಬುದು ಅದರ ಹೆಸರು. ಅಂದಿನಿಂದ ಇಂದಿನವರೆಗೆ ಈ ಸಂಪುಟವನ್ನೂ ಅದರ ಹಿಂದುಮುಂದಿನ ನಾಲ್ಕು ಕೃತಿಗಳನ್ನೂ ಕುರಿತು ಕೇಳುಗರ ಮನಸ್ಸು ಎರಡಾಗಿಯೇ ನಿಂತಿದೆ. ಇದರಲ್ಲಿ ವಿಚಿತ್ರವೇನೆಂದರೆ, ಹೊಗಳುವವರ ಪಕ್ಷವೊಂದು ತೆಗಳುವವರ ಪಕ್ಷವೊಂದು ಎಂದು ವಿಂಗಡಿಸುವುದು ಸುಲಭವಲ್ಲ. ಒಬ್ಬನೇ ಶ್ರೋತೃವು ಒಂದು ಹಾಡಿಗೆ ಕರಗಿಹೋಗಿ, ಅದರ ಬೆನ್ನಲ್ಲೇ ಬರುವ ಇನ್ನೊಂದಕ್ಕೆ ಮುಖ ತಿರುಗಿಸುತ್ತಾನೆ. ಈ ದ್ವೈಧಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು.

ಇಂಗ್ಲಿಷು ಹಾಡುಗಳ ಚರ್ಚೆಯು ಈ ಪತ್ರಿಕೆಗೆ ಏತಕ್ಕೆಂದು ಕೇಳುವ ವಾಚಕರು ಇರಬಹುದು. ನಮ್ಮ ಗುರುಸ್ತೋತ್ರವೂ ಹರಿನಾಮವೂ ಲಕ್ಷಾಂತರ ಪರದೇಶೀಯರ ಕಿವಿಗೆ ಮೊದಲು ಬಿದ್ದುದು ಈ ಗಾಯಕನ ತಟ್ಟೆಯಿಂದ. ಅಲ್ಲದೆ ಅವನ ಮೇಲೆ ಹೊರಿಸಿರುವ ಎರಡು ದೋಷಗಳು, ಎಂದರೆ ಅನ್ಯರ ಧಾಟಿಯನ್ನು ಅಪಹರಿಸಿದನೆಂಬುದೂ ಹಾಡಿನ ಹೆಸರಿನಲ್ಲಿ ಉಪದೇಶ ಮಾಡಿದನೆಂಬುದೂ, ನಮ್ಮ ಆಲಂಕಾರಿಕರು ಬಹುಕಾಲದ ಹಿಂದೆಯೇ ತೂಗಿ ನೋಡಿರುವ ವಿಷಯಗಳು. ಆ ತಕ್ಕಡಿಯು ನಮ್ಮ ಮನೆಯಲ್ಲಿರುವಾಗ ಅದನ್ನು ಹೊರಕ್ಕೆ ತೆಗೆಯದಿರುವುದು ಜಿಪುಣತನವಾದೀತು.

ಹ್ಯಾರಿಸನ್ನನ ಸ್ವತಂತ್ರಕೃತಿಗಳಲ್ಲಿ ಮೊದಲನೆಯದು ಮೇಳವು ಒಡೆಯುವುದಕ್ಕೆ ಮುಂಚೆಯೇ, 1968ರ ನವೆಂಬರಿನಲ್ಲಿ ಹೊರಬಂದಿತು. ಜೋ ಮಸಾಟ್ ಎಂಬಾತನು ನಿರ್ದೇಶಿಸಿದ ‘ವಂಡರ್‌ವಾಲ್’ ಎಂಬ ಚಲಚ್ಚಿತ್ರಕ್ಕಾಗಿ ರಚಿತವಾದ ಹಿನ್ನೆಲೆಯ ಸಂಗೀತವದು. ಅದರ ಒಂದು ಭಾಗವು ಲಂಡನ್ನಿನಲ್ಲಿಯೂ ಇನ್ನೊಂದು ಭಾಗವು ಅದೇ ವರ್ಷದ ಜನವರಿಯಲ್ಲಿ ಮುಂಬಯಿಯ ಎಚ್.ಎಂ.ವಿ. ಮುದ್ರಣಶಾಲೆಯಲ್ಲಿಯೂ ಮುದ್ರಿತವಾದುವು. ಶಿವಕುಮಾರ ಶರ್ಮರ ಸಂತೂರ್, ಆಶಿಷ್ ಖಾನರ ಸರೋದ್, ಮಹಾಪುರುಷ ಮಿಶ್ರರ ತಬಲಾ ಇವೆಲ್ಲವೂ ಅದರಲ್ಲಿ ಕೇಳಿಬರುತ್ತವೆ. ಪಾಶ್ಚಾತ್ಯ ಶ್ರೋತೃಗಳಿಗೆ ಇದರಲ್ಲಿ ಹಾಡೇ ಇಲ್ಲವೆಂಬ ಕೊರತೆ; ನಮ್ಮವರಿಗೆ ಇದರಲ್ಲಿ ರಾಗವು ಕಣ್ಣು ಬಿಡುವುದರೊಳಗೆ ತುಣುಕು ಮುಗಿದುಹೋಗುತ್ತದೆಂಬ ಕೊರತೆ. ಎರಡೂ ಕೊರತೆಗಳು ನಿಜವಾದವೇ. ಚಿತ್ರದ ಗಡಿಯಾರಕ್ಕೆ ಕಟ್ಟುಬಿದ್ದ ವಾದಕನು ಎಷ್ಟೇ ಪ್ರೌಢನಾಗಲಿ, ಎರಡು ಮೂರು ನಿಮಿಷಗಳಲ್ಲಿ ಆಲಾಪನೆಯ ಹೊಸ್ತಿಲನ್ನಾದರೂ ದಾಟಲಾರನು. ಆದರೂ ಈ ಕೃತಿಯಲ್ಲಿ ಕಪಟವಿಲ್ಲ. ನಮ್ಮ ವಾದ್ಯವನ್ನು ಮಸಾಲೆಯಂತೆ ಮೇಲೆ ಉದುರಿಸುವ ಅಭ್ಯಾಸವು ಆ ಕಾಲದ ಆಂಗ್ಲಗಾಯಕರಲ್ಲಿ ಹೆಚ್ಚಾಗಿತ್ತು. ಇಲ್ಲಿ ವಾದಕರಿಗೇ ಎಡೆಯಿಟ್ಟು ತಾನು ಹಿಂದೆ ಸರಿದು ನಿಂತಿದ್ದಾನೆ. ಅದೇ ಮುಂಬಯಿಯ ದಿನಗಳಲ್ಲಿ ವಾದ್ಯಭಾಗವು ಮುದ್ರಿತವಾಗಿ, ಬೀಟಲ್ಸ್ ಮೇಳದ ಹೆಸರಿನಲ್ಲಿ 1968ರ ಮಾರ್ಚಿಯಲ್ಲಿ ಪ್ರಕಟವಾದ ‘ದಿ ಇನ್ನರ್ ಲೈಟ್’ ಎಂಬ ಹಾಡು ಚೀನದ ಲಾವೋತ್ಸೆಯ ಗ್ರಂಥದಿಂದ ಭಾವವನ್ನು ಪಡೆದುದು. ಮಾತೂ ಧಾತುವೂ ಕೂಡಿದ ಆ ಚಿಕ್ಕ ಹಾಡು ಇಡೀ ಚಿತ್ರಸಂಗೀತಕ್ಕಿಂತ ಮೇಲೆಂದು ನಮ್ಮ ಎಣಿಕೆ.

1969ರ ಮೇ ತಿಂಗಳಿನಲ್ಲಿ ಬಂದ ‘ಇಲೆಕ್ಟ್ರಾನಿಕ್ ಸೌಂಡ್’ ಎಂಬ ತಟ್ಟೆಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಮೂಗ್ ಎಂಬ ವಿದ್ಯುದ್ಯಂತ್ರದಿಂದ ಹೊರಟ ಸಪ್ಪಳಗಳು ತಟ್ಟೆಯ ಒಂದೊಂದು ಮಗ್ಗುಲಿಗೆ ಒಂದೊಂದರಂತೆ ಎರಡು ಪ್ರಬಂಧಗಳಾಗಿವೆ. ಹೊಸ ಆಟದ ಸಾಮಾನು ಕೈಗೆ ಬಂದ ಬಾಲಕನ ಉತ್ಸಾಹವು ಅದರಲ್ಲಿದೆ. ಅದಕ್ಕಿಂತ ಹೆಚ್ಚಿನದನ್ನು ಕಾಣಲು ನಾವು ಎರಡು ಬಾರಿ ಯತ್ನಿಸಿ ಕೈಬಿಟ್ಟೆವು.

ಈಗ ಮುಖ್ಯ ಕೃತಿಗೆ ಬರೋಣ. ಮೇಳದಲ್ಲಿದ್ದಾಗ ಹಾಡುಗಳ ಬಹುಭಾಗವು ಲೆನನ್, ಮೆಕಾರ್ಟ್ನಿ ಇವರಿಬ್ಬರದಾಗಿದ್ದು, ಹ್ಯಾರಿಸನ್ನನಿಗೆ ಒಂದು ಸಂಪುಟದಲ್ಲಿ ಒಂದೋ ಎರಡೋ, ಅಪರೂಪವಾಗಿ ಮೂರೋ ನಾಲ್ಕೋ ಹಾಡುಗಳ ಅವಕಾಶ ದೊರೆಯುತ್ತಿದ್ದಿತು. ಹೀಗಾಗಿ ಅವನ ರಚನೆಗಳು ಕಣಜದಲ್ಲಿ ಉಳಿದುವು. ‘ಇಸಿಂಟ್ ಇಟ್ ಎ ಪಿಟಿ’ ಎಂಬುದು 1966ರಷ್ಟು ಹಳೆಯದು. ಸಂಪುಟಕ್ಕೆ ಹೆಸರು ಕೊಟ್ಟ ಹಾಡನ್ನು ಮೇಳದವರು 1969ರ ಜನವರಿಯಲ್ಲಿ ಅಭ್ಯಾಸ ಮಾಡಿ ಕೈಬಿಟ್ಟಿದ್ದರು. ಕಟ್ಟೆಯೊಡೆದ ಕೆರೆಯಂತೆ ಇವೆಲ್ಲವೂ ಒಮ್ಮೆಗೇ ನುಗ್ಗಿದುವು. ಮೂರು ತಟ್ಟೆಗಳಲ್ಲಿ 23 ಪ್ರಬಂಧಗಳು. ಮೊದಲೆರಡರಲ್ಲಿ 18 ಹಾಡುಗಳು, ಮೂರನೆಯದರಲ್ಲಿ ಗೆಳೆಯರು ಕೂಡಿ ಮನಬಂದಂತೆ ನುಡಿಸಿದ ಐದು ವಾದನಗಳು. ಈ ಮೂರನೆಯ ತಟ್ಟೆಯನ್ನು ಸಮರ್ಥಿಸುವವರನ್ನು ನಾವು ಅಷ್ಟಾಗಿ ಕಂಡಿಲ್ಲ. ಹಬ್ಬದೂಟವಾದ ಮೇಲೆ ಅಡಿಗೆಯವರು ತಮ್ಮತಮ್ಮಲ್ಲಿ ಆಡಿಕೊಳ್ಳುವ ಹರಟೆಯನ್ನೂ ಅತಿಥಿಗಳು ಕೇಳಬೇಕೆಂದು ನಿರ್ಬಂಧಿಸಿದಂತಾಯಿತು.

ಮೊದಲೆರಡು ತಟ್ಟೆಗಳ ವಿಷಯದಲ್ಲಿ ಕಲಹವಿರುವುದು ಹಾಡುಗಳನ್ನು ಕುರಿತಲ್ಲ, ಅವುಗಳಿಗೆ ತೊಡಿಸಿದ ಉಡುಪನ್ನು ಕುರಿತು. ಹ್ಯಾರಿಸನ್ನನೊಡನೆ ಮುದ್ರಣದ ಹೊಣೆ ಹೊತ್ತ ಫಿಲ್ ಸ್ಪೆಕ್ಟರನು ಹಲವು ಗಿಟಾರುಗಳನ್ನೂ ಪಿಯಾನೊ ಮೃದಂಗಾದಿಗಳನ್ನೂ ಏಕಕಾಲದಲ್ಲಿ ನುಡಿಸಿ, ಅದರ ಮೇಲೆ ಯಂತ್ರದಿಂದ ಪ್ರತಿಧ್ವನಿಯನ್ನು ಬಳಿದು, ‘ನಾದದ ಗೋಡೆ’ಯನ್ನು ಕಟ್ಟುವುದರಲ್ಲಿ ಹೆಸರುವಾಸಿಯಾದವನು. ಕೆಲವು ಕೇಳುಗರಿಗೆ ಈ ಗೋಡೆಯೇ ದೇವಾಲಯದ ಪ್ರಾಕಾರದಂತೆ ಗಂಭೀರವಾಗಿದೆ. ಕೆಲವರಿಗೆ ಒಳಗಿರುವ ಮೂರ್ತಿಯೇ ಕಾಣದಂತಾಗಿದೆ. ಈ ಎರಡನೆಯ ಪಕ್ಷಕ್ಕೆ ಕಡೆಗೆ ಕರ್ತೃವೇ ಸೇರಿಕೊಂಡನು. 2001ರ ಜನವರಿಯಲ್ಲಿ ಸಂಪುಟವು ಮತ್ತೆ ಪ್ರಕಟವಾದಾಗ, ಅಂದು ಉಚಿತವೆಂದು ತೋರಿದ ಆಡಂಬರವೂ ಪ್ರತಿಧ್ವನಿಯೂ ಇಂದು ಅತಿಯಾಗಿ ಕಾಣುತ್ತವೆಂದೂ ಕೆಲವು ಹಾಡುಗಳನ್ನು ಅದರಿಂದ ಬಿಡಿಸುವ ಆಸೆಯಿದೆಯೆಂದೂ ಅವನು ಬರೆದನು. ಅವನು ಗತಿಸಿದ ಮೇಲೆ 2021ರಲ್ಲಿ ಪ್ರತಿಧ್ವನಿಯನ್ನು ತಗ್ಗಿಸಿದ ಹೊಸ ಮುದ್ರಣವು ಬಂದಿತು. ಆಗಲೂ ಕೇಳುಗರು ಒಮ್ಮತಕ್ಕೆ ಬರಲಿಲ್ಲ. ಗೋಡೆ ಬೇಡವೆಂದಿದ್ದವರಲ್ಲಿಯೇ ಕೆಲವರು ಅದು ಮರೆಯಾದಾಗ ಏನನ್ನೋ ಕಳೆದುಕೊಂಡಂತೆ ಮರುಗಿದರು.

ನಮ್ಮ ಅಭಿಪ್ರಾಯವನ್ನು ಹೇಳುವುದಾದರೆ, ಧ್ವನಿಕಾರನು ಅನುರಣನವೆಂಬ ಮಾತನ್ನು ಬಳಸಿದ್ದಾನೆ. ಗಂಟೆಯನ್ನು ಹೊಡೆದ ಮೇಲೆ ಹೊಡೆತವು ನಿಂತರೂ ಝೇಂಕಾರವು ಮುಂದುವರಿಯುವಂತೆ, ಮಾತು ಮುಗಿದ ಬಳಿಕ ವ್ಯಂಗ್ಯಾರ್ಥವು ಸಹೃದಯನಲ್ಲಿ ಮೊಳಗಬೇಕು. ಈ ಅನುರಣನವು ಹುಟ್ಟುವುದು ಹೊಡೆತಕ್ಕೂ ಹೊಡೆತಕ್ಕೂ ನಡುವಣ ನಿಶ್ಶಬ್ದದಲ್ಲಿ. ಸ್ಪೆಕ್ಟರನ ಯಂತ್ರದ ಅನುರಣನವು ಆ ನಿಶ್ಶಬ್ದವನ್ನೇ ತುಂಬಿಬಿಟ್ಟರೆ ಕೇಳುಗನ ಅನುರಣನಕ್ಕೆ ಎಡೆಯೆಲ್ಲಿ? ‘ಇಸಿಂಟ್ ಇಟ್ ಎ ಪಿಟಿ’ಯು ಈ ಸಂಪುಟದಲ್ಲಿ ಎರಡು ರೂಪಗಳಲ್ಲಿರುವುದರಿಂದ ಪರೀಕ್ಷೆಯು ಸುಲಭವಾಗಿದೆ. ಏಳು ನಿಮಿಷಗಳ ಮೊದಲ ರೂಪವು ಏರುತ್ತೇರುತ್ತ ಹೋಗಿ ವಾದ್ಯಗಳ ಮಹಾಪೂರವಾಗುತ್ತದೆ; ಎರಡನೆಯದು ಚಿಕ್ಕದು, ಮೆಲುದನಿಯದು. ಮನುಷ್ಯರು ಒಬ್ಬರನ್ನೊಬ್ಬರು ನೋಯಿಸಿಕೊಳ್ಳುವರಲ್ಲಾ ಎಂಬ ಮರುಕವೇ ಅದರ ವಸ್ತು. ಮರುಕವು ಕೂಗಿ ಹೇಳತಕ್ಕ ಭಾವವಲ್ಲ. ನಾವು ಎರಡನೆಯದನ್ನೇ ಮತ್ತೆಮತ್ತೆ ಕೇಳುವೆವು. ಆದರೆ ‘ವಾ-ವಾ’ ಎಂಬ ಕೋಪದ ಹಾಡಿಗೆ ಆ ಗೋಡೆಯೇ ತಕ್ಕುದೆಂಬುದನ್ನೂ ಒಪ್ಪಬೇಕು. 1969ರ ಜನವರಿಯಲ್ಲಿ ಮೇಳದವರೊಡನೆ ಮನಸ್ತಾಪವಾಗಿ ಹೊರನಡೆದಾಗ ಹುಟ್ಟಿದ ಹಾಡದು. ರೌದ್ರಕ್ಕೆ ಗದ್ದಲವು ಭೂಷಣವೇ.

ಕಲಹದಲ್ಲಿ ಯಾರೂ ಅಲ್ಲಗಳೆಯದ ಗುಣವೊಂದುಂಟು. ಅದು ಅವನ ಗಿಟಾರು. 1966ರಲ್ಲಿ ರವಿಶಂಕರರ ಬಳಿ ಸಿತಾರವನ್ನು ಕಲಿಯತೊಡಗಿದ ಹ್ಯಾರಿಸನ್ನನು, ಈ ವಾದ್ಯದಲ್ಲಿ ತಾನು ಪ್ರವೀಣನಾಗಲಾರನೆಂಬುದನ್ನು ಎರಡು ಮೂರು ವರ್ಷಗಳೊಳಗೆ ಮನಗಂಡು ಗಿಟಾರಿಗೆ ಹಿಂದಿರುಗಿದನು. ಇದು ವಿನಯದ ಮಾತು. ಶಿಷ್ಯವೃತ್ತಿಯನ್ನು ಅರ್ಧಕ್ಕೆ ಬಿಟ್ಟು ಪಂಡಿತನೆಂದು ಮೆರೆಯುವವರನ್ನು ನಾವು ಊರೂರಿನಲ್ಲಿಯೂ ಕಂಡಿದ್ದೇವೆ. ಆದರೆ ಕಲಿತುದು ವ್ಯರ್ಥವಾಗಲಿಲ್ಲ. 1969ರ ಕೊನೆಯಿಂದ ಅವನು ಕೊಳವೆಯೊಂದನ್ನು ಬೆರಳಿಗೆ ತೊಡಿಸಿ ತಂತಿಯ ಮೇಲೆ ಜಾರಿಸುವ ಕ್ರಮವನ್ನು ಹಿಡಿದನು. ನಮ್ಮಲ್ಲಿ ಗೋಟುವಾದ್ಯವನ್ನು ಕೇಳಿದವರಿಗೆ ಈ ನಾದವು ಅಪರಿಚಿತವಲ್ಲ. ಆ ದೇಶದ ಇತರರು ಇದನ್ನು ನುಡಿಸುವಾಗ ತಂತಿಯನ್ನು ನರಳಿಸುವುದು, ಒರಟಾಗಿ ಎಳೆಯುವುದು ವಾಡಿಕೆ. ಇವನಾದರೋ ಸ್ವರದಿಂದ ಸ್ವರಕ್ಕೆ ಕಂಠವು ಜಾರುವಂತೆ ಜಾರಿ, ಸೇರಬೇಕಾದ ಸ್ಥಾನದಲ್ಲಿ ಕದಲದೆ ನಿಲ್ಲುತ್ತಾನೆ. ‘ಮೈ ಸ್ವೀಟ್ ಲಾರ್ಡ್’ ಎಂಬ ಹಾಡಿನ ಮೊದಲಲ್ಲಿ ಎರಡು ಗಿಟಾರುಗಳು ಜೊತೆಯಾಗಿ ಹೀಗೆ ನುಡಿಯುವುದನ್ನು ಕೇಳಿದರೆ, ಸಿತಾರದ ಮೀಂಡಿನ ಸಂಸ್ಕಾರವು ಬೇರೊಂದು ವಾದ್ಯದಲ್ಲಿ ಫಲಿಸಿದೆಯೆಂದು ಊಹಿಸುವುದು ತಪ್ಪಾಗಲಾರದು. ಪರರ ವಿದ್ಯೆಯನ್ನು ಪಡೆಯುವ ಉತ್ತಮ ಮಾರ್ಗವಿದು.

ಆ ಹಾಡೇ ಮುಖ್ಯ ವಿವಾದದ ಮೂಲವೂ ಆಯಿತು. ದೇವರನ್ನು ನೋಡಬೇಕು, ಆದರೆ ಬಹಳ ಕಾಲ ಹಿಡಿಯುತ್ತದೆ ಎಂಬಷ್ಟೇ ಅದರ ಅರ್ಥ. ಹಿನ್ನೆಲೆಯ ಗಾಯಕರು ಮೊದಲು ಕ್ರೈಸ್ತರ ‘ಹಲ್ಲೆಲೂಯ’ ಎಂಬ ಸ್ತುತಿಪದವನ್ನು ಹಾಡುತ್ತಾರೆ. ಕೇಳುಗನು ಅದಕ್ಕೆ ಒಗ್ಗಿಕೊಂಡಿರುವಾಗ ಅದು ಹರೇ ಕೃಷ್ಣ ಎಂಬ ನಾಮವಾಗಿ ಮಾರ್ಪಡುತ್ತದೆ. ಮುಂದೆ ಗುರುವನ್ನು ತ್ರಿಮೂರ್ತಿಗಳೊಡನೆ ಅಭೇದವಾಗಿ ಕಾಣುವ, ನಮ್ಮ ಮಕ್ಕಳು ಪಾಠಶಾಲೆಯಲ್ಲಿ ಒಪ್ಪಿಸುವ ಸ್ತೋತ್ರವೇ ಬರುತ್ತದೆ. ಅನುಷ್ಟುಪ್ಪನ್ನು ತುಂಡುತುಂಡು ಮಾಡಿ ಮೂಲಗಾಯಕನ ಪಂಕ್ತಿಗಳ ನಡುವೆ ಸೇರಿಸಿರುವುದು ಮೊದಲ ಬಾರಿಗೆ ನಮ್ಮ ಕಿವಿಗೆ ಮುಳ್ಳಾಯಿತು. ಭಜನೆಯಲ್ಲಿ ಒಬ್ಬನು ಹೇಳಿಕೊಟ್ಟು ಹಲವರು ಎತ್ತಿಕೊಳ್ಳುವ ಕ್ರಮವೇ ಇದೆಂದು ಹೊಳೆದ ಮೇಲೆ ಮುಳ್ಳು ತಾನಾಗಿ ಬಿದ್ದಿತು. ಜನರು ಏನು ನಡೆಯುತ್ತಿದೆಯೆಂದು ತಿಳಿಯುವ ಮುನ್ನವೇ ಮಂತ್ರವನ್ನು ಹಾಡುತ್ತಿರಲೆಂದು ಬೇಕೆಂದೇ ಹೀಗೆ ಮಾಡಿದುದಾಗಿ ಹ್ಯಾರಿಸನ್ನನು 1982ರ ಒಂದು ಸಂಭಾಷಣೆಯಲ್ಲಿ ಹೇಳಿರುವನು. ಇದು ವಂಚನೆಯೆಂದು ಸಿಟ್ಟಾದ ಶ್ರದ್ಧಾಳುಗಳೂ ಇದ್ದಾರೆ. ಆದರೆ ಇಂಗ್ಲೆಂಡು ಅಮೆರಿಕಗಳೆರಡರಲ್ಲಿಯೂ ಹಾಡು ಮೊದಲ ಸ್ಥಾನಕ್ಕೇರಿತು.

1971ರಲ್ಲಿ ಇದರ ಮೇಲೆ ನ್ಯೂಯಾರ್ಕಿನಲ್ಲಿ ವ್ಯಾಜ್ಯ ಹೂಡಿದರು. ರಾನಿ ಮ್ಯಾಕ್ ಎಂಬಾತನು ರಚಿಸಿ ಶಿಫಾನ್ಸ್ ಎಂಬ ಸ್ತ್ರೀಮೇಳವು 1963ರಲ್ಲಿ ಹಾಡಿದ ‘ಹೀಸ್ ಸೋ ಫೈನ್’ ಎಂಬ ಪ್ರಣಯಗೀತದ ಧಾಟಿಯೇ ಇದೆಂದು ವಾದಿಗಳ ಮತ. 1976ರಲ್ಲಿ ತೀರ್ಪು ಕೊಟ್ಟ ರಿಚರ್ಡ್ ಓವನ್ನನು ಸ್ವತಃ ಸಂಗೀತರೂಪಕಗಳನ್ನು ರಚಿಸಿದವನು. ಆದುದರಿಂದ ಸ್ವರಗಳನ್ನೇ ಬಿಡಿಸಿ ನೋಡಿದನು. ನಮ್ಮ ಸಂಜ್ಞೆಗಳಲ್ಲಿ ಹೇಳುವುದಾದರೆ ‘ಪ ಗ ರಿ’ ಎಂಬುದು ಮೊದಲ ಸಂಚಾರ. ‘ಪ ಧ ಸ ಧ ಸ’ ಎಂಬುದು ಎರಡನೆಯದು. ಒಂದೊಂದೂ ಸರ್ವಸಾಮಾನ್ಯವಾದರೂ, ಮೊದಲನೆಯದು ನಾಲ್ಕು ಸಲ ಬಂದು ಎರಡನೆಯದು ಮತ್ತೆಮತ್ತೆ ಬರುವ ಜೋಡಣೆಯು ಅಪೂರ್ವವೆಂದೂ ಅದು ಎರಡು ಹಾಡುಗಳಲ್ಲಿಯೂ ಇದೆಯೆಂದೂ ಕಂಡುಕೊಂಡು, ಹ್ಯಾರಿಸನ್ನನು ತಿಳಿಯದೆಯೇ, ಸುಪ್ತಚಿತ್ತದಿಂದ, ಅನುಕರಿಸಿದನೆಂದು ತೀರ್ಮಾನಿಸಿದನು. 1981ರಲ್ಲಿ 5,87,000 ಡಾಲರುಗಳ ದಂಡವು ಗೊತ್ತಾಯಿತು.

ಮೋಹನರಾಗದ ಐದು ಸ್ವರಗಳನ್ನು ಬಲ್ಲ ನಮ್ಮವರಿಗೆ, ಆ ಸ್ವರಗಳಲ್ಲಿಯೇ ಅಡಗುವ ಈ ಎರಡು ಸಂಚಾರಗಳನ್ನು ಒಬ್ಬನ ಸ್ವತ್ತೆನ್ನುವುದು ನಗೆ ತರಿಸಬಹುದು. ವರ್ಣಮಟ್ಟುಗಳ ನಮ್ಮ ನಾಟಕದ ಹಾಡುಗಳಿಗೆ ಈ ನ್ಯಾಯವನ್ನು ಹಚ್ಚಿದರೆ ಸೆರೆಮನೆಗಳು ಸಾಲವು. ಆದರೆ ನಕ್ಕು ಬಿಡತಕ್ಕ ವಿಷಯವೂ ಅಲ್ಲ. ಕಾವ್ಯಗಳಲ್ಲಿ ಕಾಣುವ ಹೋಲಿಕೆಯನ್ನು ಆನಂದವರ್ಧನನು ನಾಲ್ಕನೆಯ ಉದ್ದ್ಯೋತದಲ್ಲಿ ಮೂರು ಬಗೆಯಾಗಿ ವಿಭಾಗಿಸಿರುವನು. ಕನ್ನಡಿಯ ಬಿಂಬದಂತಿರುವುದು ಒಂದು, ಚಿತ್ರಪಟದಂತಿರುವುದು ಇನ್ನೊಂದು, ಇಬ್ಬರು ದೇಹಿಗಳು ಒಬ್ಬರನ್ನೊಬ್ಬರು ಹೋಲುವಂತಿರುವುದು ಮೂರನೆಯದು. ಮೊದಲೆರಡು ತ್ಯಾಜ್ಯ, ಮೂರನೆಯದರಲ್ಲಿ ಆತ್ಮವು ಬೇರೆಯಾದುದರಿಂದ ದೋಷವಿಲ್ಲ. ಒಬ್ಬ ಹುಡುಗಿಯು ಹುಡುಗನನ್ನು ಬಯಸುವ ಹಾಡಿಗೂ ಜೀವನು ದೇವನನ್ನು ಬಯಸುವ ಹಾಡಿಗೂ ಆತ್ಮವು ಬೇರೆಯೆಂದು ಹೇಳಿ ಹ್ಯಾರಿಸನ್ನನನ್ನು ಬಿಡಿಸಿಬಿಡಬಹುದೆಂದು ನಾವೂ ಮೊದಲು ಎಣಿಸಿದ್ದೆವು. ಮತ್ತೆ ಯೋಚಿಸಿದಾಗ ಅಷ್ಟು ಸುಲಭವಲ್ಲವೆನಿಸಿತು. ಧ್ವನಿಕಾರನ ವಿಭಾಗವು ಶಬ್ದಾರ್ಥಗಳನ್ನು ಕುರಿತುದು. ಅಲ್ಲಿ ಶಬ್ದವು ಶರೀರ, ರಸವು ಆತ್ಮ. ಗೀತದಲ್ಲಿ ಸ್ವರವು ಬರಿಯ ಶರೀರವೆ? ಅರ್ಥವನ್ನರಿಯದ ಶಿಶುವನ್ನೂ ಸ್ವರವು ಒಲಿಸುವುದಾದರೆ ಆತ್ಮದ ಒಂದು ಪಾಲು ಅದರಲ್ಲಿಯೇ ಇರಬೇಕು. ಆ ಪಾಲನ್ನು ಹ್ಯಾರಿಸನ್ನನು ರಾನಿ ಮ್ಯಾಕನಿಂದ ಪಡೆದನೆಂಬುದನ್ನು ಎರಡು ಹಾಡುಗಳನ್ನೂ ಒಂದಾದ ಮೇಲೊಂದು ಕೇಳಿದವನು ಅಲ್ಲಗಳೆಯಲಾರನು. ಹಾಡನ್ನು ಪ್ರೀತಿಸುವ ಕೇಳುಗರ ಇಬ್ಬಂದಿತನವು ಇಲ್ಲಿ ನ್ಯಾಯವಾದುದೇ. ಅಪಹರಣವೆನ್ನಲು ನಾಲಗೆ ಏಳದು, ಋಣವಿಲ್ಲವೆನ್ನಲೂ ಏಳದು.

ಎರಡನೆಯ ದೋಷವನ್ನು ಹೊರಿಸಿದುದು 1973ರ ಮೇ ತಿಂಗಳ ಕೊನೆಯಲ್ಲಿ ಬಂದ ‘ಲಿವಿಂಗ್ ಇನ್ ದಿ ಮೆಟೀರಿಯಲ್ ವರ್ಲ್ಡ್’ ಎಂಬ ಸಂಪುಟದ ಮೇಲೆ. ಪ್ರಪಂಚದ ಮಧ್ಯೆ ಬಾಳುವುದು ಎಂದು ಅದರ ಹೆಸರಿನ ತಾತ್ಪರ್ಯ. ಒಳಹೊದಿಕೆಯ ಮೇಲೆ ಪಾರ್ಥಸಾರಥಿಯ ರಥದ ಚಿತ್ರವಿದೆ. ಅಮೆರಿಕದಲ್ಲಿ ಮೊದಲ ಸ್ಥಾನವನ್ನೇನೋ ಗಳಿಸಿತು. ಆದರೆ ಹಾಡು ಕೇಳಲು ಬಂದವರಿಗೆ ಪ್ರವಚನ ಮಾಡಿದನೆಂಬ ದೂರು ಅಂದೇ ಎದ್ದಿತು. ಮತ್ತೊಂದು ಪಕ್ಷದವರು ಇದನ್ನೇ ಅವನ ಅತ್ಯಂತ ಪ್ರಾಮಾಣಿಕ ಕೃತಿಯೆನ್ನುತ್ತಾರೆ. ಪರಮತದ ದೇವರನ್ನು ಪಾಶ್ಚಾತ್ಯರು ಸಹಿಸಲಿಲ್ಲವೆಂದು ನಮ್ಮವರಲ್ಲಿ ಕೆಲವರು ಇದಕ್ಕೆ ಸಮಾಧಾನ ಹೇಳುವುದುಂಟು. ಅದು ಸರಿಯಲ್ಲ. ಮೂರು ವರ್ಷಗಳ ಹಿಂದೆ ಹರಿನಾಮವನ್ನು ತಲೆಯ ಮೇಲಿಟ್ಟುಕೊಂಡವರೂ ಅವರೇ ಅಲ್ಲವೆ?

ಮಮ್ಮಟನು ಉಪದೇಶವನ್ನು ಪ್ರಭುಸಮ್ಮಿತ, ಸುಹೃತ್ಸಮ್ಮಿತ, ಕಾಂತಾಸಮ್ಮಿತವೆಂದು ಮೂರಾಗಿ ಹೇಳಿ, ಒಡೆಯನಂತೆ ಆಜ್ಞಾಪಿಸುವುದು ವೇದಕ್ಕೆ, ಗೆಳೆಯನಂತೆ ತಿಳಿಯಹೇಳುವುದು ಪುರಾಣಕ್ಕೆ, ಪ್ರಿಯೆಯಂತೆ ಒಲಿಸಿ ತಿರುಗಿಸುವುದು ಕಾವ್ಯಕ್ಕೆ ಎಂದಿರುವನು. ಈ ಸೂತ್ರವನ್ನು ಹಿಡಿದು ಸಂಪುಟವನ್ನು ಕೇಳಿದರೆ ಕೇಳುಗರ ದ್ವೈಧವು ಎಲ್ಲಿ ಬಿರಿಯುತ್ತದೆಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ. ‘ಗಿವ್ ಮಿ ಲವ್’ ಎಂಬ ಮೊದಲ ಹಾಡು ಪ್ರಾರ್ಥನೆ. ಪ್ರೀತಿಯನ್ನು ಕೊಡು, ಜನ್ಮದ ಬಂಧದಿಂದ ಬಿಡಿಸು ಎಂದು ಬೇಡುವವನು ತಾನೇ. ನಮಗೆ ಅವನು ಏನನ್ನೂ ಹೇಳುತ್ತಿಲ್ಲ. ಪುನರ್ಜನ್ಮವನ್ನು ನಂಬದ ದೇಶದಲ್ಲಿ ಈ ಹಾಡು ಮೊದಲ ಸ್ಥಾನಕ್ಕೇರಿತು. ‘ದಿ ಲಾರ್ಡ್ ಲವ್ಸ್ ದಿ ಒನ್’ ಎಂಬುದು ಭಕ್ತಿವೇದಾಂತಸ್ವಾಮಿಗಳ ಸಂಭಾಷಣೆಯಿಂದ ಪ್ರೇರಿತವಾದುದು. ಅಲ್ಲಿ ಕರ್ಮನಿಯಮವನ್ನು ಎತ್ತರದಲ್ಲಿ ನಿಂತು ಬೋಧಿಸುತ್ತಾನೆ. ತತ್ತ್ವವು ನಮಗೆ ಸಮ್ಮತವಾದುದೇ. ಆದರೆ ಹಾಡಿನಲ್ಲಿ ಅದು ರುಚಿಸದು. ಸಮ್ಮತವಾದ ತತ್ತ್ವವೇ ಹೀಗೆ ರುಚಿಸದಿರುವಾಗ ಅಸಮ್ಮತರ ಪಾಡನ್ನು ಊಹಿಸಬಹುದು.

ಹೆಸರಿನ ಹಾಡಿನ ಮೇಲೆ ನಮ್ಮ ಆಕ್ಷೇಪವು ಬೇರೆಯದು. ಅದರಲ್ಲಿ ಪ್ರಪಂಚವನ್ನು ವರ್ಣಿಸುವಾಗ ಪಾಶ್ಚಾತ್ಯ ವಾದ್ಯಗಳ ಅಬ್ಬರ; ಅಧ್ಯಾತ್ಮವನ್ನು ಹೇಳುವಾಗ ಸಿತಾರ, ಮತ್ತು ಜಾಕೀರ್ ಹುಸೇನರ ತಬಲಾ. ಇಂಡಿಯದ ನಾದವೆಂದರೆ ಸ್ವರ್ಗವೆಂದು ಚೀಟಿ ಅಂಟಿಸಿದಂತಾಯಿತು. ರಾಜಸಭೆಗಳಲ್ಲಿ ನರ್ತಕಿಯರ ಕಾಲ್ಗೆಜ್ಜೆಗೆ ಜೊತೆಗೊಟ್ಟ ತಬಲೆಗೆ ಈ ಸಂನ್ಯಾಸವನ್ನು ಕಟ್ಟಿದವರಾರು? ಇದಕ್ಕೆ ಎದುರಾಗಿ ‘ಬಿ ಹಿಯರ್ ನೌ’ ಎಂಬ ಹಾಡನ್ನಿಡಬೇಕು. ರಾಮದಾಸನೆಂಬ ಹೆಸರನ್ನು ಪಡೆದ ಅಮೆರಿಕದ ರಿಚರ್ಡ್ ಆಲ್ಪರ್ಟನ 1971ರ ಪುಸ್ತಕದಿಂದ ಅದರ ಹೆಸರು ಬಂದಿದೆ. ಅಲ್ಲಿ ಸಿತಾರವು ಶ್ರುತಿಯಂತೆ ಹಿಂದೆ ಹರಿಯುತ್ತದೆ. ಹಾಡು ಉಸಿರಿನಷ್ಟು ಮೆಲ್ಲಗಿದೆ. ಬೋಧನೆಯಿದ್ದರೂ ಅವನು ಅದನ್ನು ತನಗೇ ಹೇಳಿಕೊಳ್ಳುವಂತಿದೆ.

ಇಲ್ಲಿ ಒಂದು ಶಂಕೆ ಬರಬಹುದು. ದೇವವಿಷಯಕವಾದ ರತಿಯು ಭಾವಮಾತ್ರವಲ್ಲದೆ ರಸವಲ್ಲವೆಂದು ಮಮ್ಮಟನೇ ಹೇಳಿರುವಾಗ, ಭಕ್ತಿಗೀತದಲ್ಲಿ ರಸವನ್ನು ಹುಡುಕುವುದು ಹೇಗೆ? ಹ್ಯಾರಿಸನ್ನನು ಅವಲಂಬಿಸಿದುದು ಗೌಡೀಯ ವೈಷ್ಣವಸಂಪ್ರದಾಯವನ್ನು. ಆ ಸಂಪ್ರದಾಯದ ರೂಪಗೋಸ್ವಾಮಿಯು 1541ರ ಭಕ್ತಿರಸಾಮೃತಸಿಂಧುವಿನಲ್ಲಿ ಭಕ್ತಿಯನ್ನೇ ರಸವೆಂದು ಸ್ಥಾಪಿಸಿರುವನು; ಆದರೆ ಅದನ್ನು ಸವಿಯುವ ಅಧಿಕಾರವು ಭಕ್ತನಿಗೆಂದೇ ಅಲ್ಲಿಯ ನಿಯಮ. ಪೇಟೆಯಲ್ಲಿ ತಟ್ಟೆಯನ್ನು ಕೊಂಡವರಲ್ಲಿ ಭಕ್ತರೆಷ್ಟು ಮಂದಿ? ಉಳಿದವರಿಗೆ ಭಕ್ತಿಯು ಸಾಮಾನ್ಯ ಮನುಷ್ಯನ ಹಂಬಲವಾಗಿ ಪರಿಣಮಿಸಿದಾಗ ಮಾತ್ರ ಅದು ಆಸ್ವಾದ್ಯ. ಅದು ಮೊದಲ ಸಂಪುಟದಲ್ಲಿ ಆಗಾಗ ನಡೆಯಿತು. ಮುಂದಿನದರಲ್ಲಿ ಕೆಲವೆಡೆ ನಡೆಯಲಿಲ್ಲ.

ಇಷ್ಟರಿಂದಲೇ ದೋಷವೆಲ್ಲ ಕರ್ತೃವಿನದೆಂದು ತಿಳಿಯಬಾರದು. ಅಭಿನವಗುಪ್ತನು ಎಣಿಸಿದ ರಸವಿಘ್ನಗಳಲ್ಲಿ ಕೇಳುಗನು ತನ್ನ ಸುಖದುಃಖಗಳಿಗೆ ವಶನಾಗಿರುವುದೂ ಒಂದು. ಮೇಳದ ಹಾಡುಗಳೊಡನೆ ಯೌವನವನ್ನು ಕಳೆದ ಪೀಳಿಗೆಗೆ, ಹ್ಯಾರಿಸನ್ನನು ಒಬ್ಬನೇ ಹಾಡುವಾಗ ಉಳಿದ ಮೂವರ ಇಲ್ಲದಿರುವಿಕೆಯು ಎಡಬಿಡದೆ ಕೇಳಿಸುತ್ತಿದ್ದಿತು. 1974ರ ನವೆಂಬರಿನಲ್ಲಿ ಅವನು ರವಿಶಂಕರರ ವಾದ್ಯವೃಂದದೊಡನೆ ಉತ್ತರ ಅಮೆರಿಕದಲ್ಲಿ ಪ್ರವಾಸ ಹೊರಟಾಗ ಈ ವಿಘ್ನವು ಬೀದಿಗೆ ಬಂದಿತು. ಜನರು ಕೇಳಬಯಸಿದುದು ಹಳೆಯ ಹಾಡುಗಳನ್ನು. ಅವನು ಅವುಗಳಲ್ಲಿ ಕೆಲವನ್ನು ಮಾತ್ರ, ಅದೂ ಮಾತುಗಳನ್ನು ತಿದ್ದಿ, ಮಾನುಷಪ್ರೇಮವಿದ್ದಲ್ಲಿ ದೈವಪ್ರೇಮವನ್ನಿಟ್ಟು ಹಾಡಿದನು. ಹಿಂದೂಸ್ತಾನಿ ವಾದನಕ್ಕೆ ಹಲವರು ತಾಳ್ಮೆಗೆಟ್ಟರು. ಅದರ ಮೇಲೆ ಕಂಠವು ಕೆಟ್ಟು, ಸ್ವರವು ಒಡೆದಿದ್ದಿತು. ಅದೇ ಒಡೆದ ಸ್ವರವು ಡಿಸೆಂಬರಿನಲ್ಲಿ ಬಂದ ‘ಡಾರ್ಕ್ ಹಾರ್ಸ್’ ಎಂಬ ತಟ್ಟೆಯಲ್ಲಿಯೂ ಉಳಿದಿದೆ. ಆ ಒಡಕಿನಲ್ಲಿಯೇ ಸತ್ಯವಿದೆಯೆಂದು ಈಚೆಗೆ ವಾದಿಸುವವರಿದ್ದಾರೆ. ನಮಗೆ ಹಾಗೆ ತೋರದು. ಬೇನೆಯಿಂದ ಒಡೆದ ಕಂಠವು ಕಾಕುವಲ್ಲ, ಬೇನೆಯೇ. ಆದರೆ ಹಳೆಯ ಹಾಡಿನ ಮಾತನ್ನು ತಿದ್ದಿದುದಕ್ಕೆ ಅವನನ್ನು ಹಳಿದವರೊಡನೆಯೂ ನಾವು ಸೇರೆವು. ನಾಲ್ಕು ವರ್ಷಗಳ ಕಾಲ ಅವನು ದೇವರನ್ನೇ ಹಾಡಿದ್ದನು. ಸಭೆಯು ಮಾತ್ರ ಬೇರೊಬ್ಬನನ್ನು ನೋಡಲು ಬಂದಿದ್ದಿತು. ಆ ಪ್ರವಾಸವಾದ ಮೇಲೆ, 1991ರ ಡಿಸೆಂಬರಿನಲ್ಲಿ ಎರಿಕ್ ಕ್ಲ್ಯಾಪ್ಟನ್ನನೊಡನೆ ಜಪಾನಿಗೆ ಹೋಗುವವರೆಗೆ, ಹ್ಯಾರಿಸನ್ನನು ಮತ್ತೊಂದು ಕಛೇರಿಪ್ರವಾಸವನ್ನು ಕೈಕೊಳ್ಳಲಿಲ್ಲ.